ಹಿಮ್ಮೇಳದ ವೆಚ್ಚ: ಬಯಲಾಟ ಮತ್ತು ಡೇರೆಯಾಟ

ಸಂಗೀತವು ಗಾಳಿಬೆಳಕುಗಳಂತೆ ಎಲ್ಲರಿಗೂ ಪುಕ್ಕಟೆಯಾಗಿ ದೊರೆಯಬೇಕೆನ್ನುವವರುಂಟು. ದುಡಿದವನಿಗೆ ಕೂಲಿ ಸಲ್ಲಲೇಬೇಕೆನ್ನುವವರೂ ಉಂಟು. ಕಾಸರಗೋಡು ಸೀಮೆಯ ಯಕ್ಷಗಾನದ ಇತಿಹಾಸವು ಈ ವಿವಾದಕ್ಕೆ ತಕ್ಕ ಬೆಳಕನ್ನು ಬೀರುತ್ತದೆಂದು ನಾವು ಭಾವಿಸುತ್ತೇವೆ.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಗದ್ದೆಯ ಬಯಲಿನಲ್ಲಿ ಕುಳಿತು ಬೆಳಗಿನವರೆಗೆ ಕೇಳಿದ ನಮ್ಮ ಹಿರಿಯರು ಅದಕ್ಕಾಗಿ ಕಾಸು ತೆತ್ತವರಲ್ಲ. ಆದರೂ ಆಟಕ್ಕೆ ವೆಚ್ಚವಿರಲಿಲ್ಲವೆಂದಲ್ಲ. ಭಾಗವತರಿಗೂ ಮದ್ದಳೆ ಚೆಂಡೆಯವರಿಗೂ ಸಂಭಾವನೆ, ಹಲಸಿನ ಮರದ ವಾದ್ಯಗಳಿಗೆ ಹೊಸ ತೊಗಲು, ದೊಂದಿಗೆ ಎಣ್ಣೆ, ಮೇಳದವರೆಲ್ಲರಿಗೆ ಊಟ ಇವೆಲ್ಲವೂ ಆಗಬೇಕಿದ್ದವು. ಹರಕೆಯಾಟವಾದರೆ ಹರಕೆ ಹೊತ್ತ ಮನೆಯವರು ಈ ಭಾರವನ್ನು ಹೊರುತ್ತಿದ್ದರು. ಒಬ್ಬರು ಕೊಟ್ಟರು, ಊರೆಲ್ಲ ಕೇಳಿತು. ಅಕ್ಷರವರಿಯದವನೂ ರಾಮಾಯಣ ಭಾರತಗಳನ್ನು ಕನ್ನಡದಲ್ಲಿ ಕೇಳಿ ಬಲ್ಲವನಾದನು.

ಈ ಏರ್ಪಾಡಿಗೆ ಇನ್ನೊಂದು ಮುಖವೂ ಇತ್ತು. ದೀಪಾವಳಿಯ ಬಳಿಕ ಹೊರಟ ಮೇಳವು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ, ಮಳೆಗಾಲದಲ್ಲಿ ಕಲಾವಿದನ ಒಲೆ ಉರಿಯುವ ಬಗೆ ಹೇಗೆಂದು ಕೇಳುವವರು ವಿರಳ. ವರ್ಷಗಟ್ಟಲೆ ಗುರುವಿನ ಬಳಿ ತಾಳ ಕಲಿತ ಶ್ರಮವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿರಲಿಲ್ಲ.

20ನೆಯ ಶತಮಾನದ ನಡುಗಾಲದಲ್ಲಿ ಡೇರೆ ಮೇಳಗಳು ಬಳಕೆಗೆ ಬಂದವು. ಕುರ್ಚಿಗೊಂದು ದರ, ನೆಲಕ್ಕೊಂದು ದರ. ಹೆಸರಾಂತ ಭಾಗವತರಿಗೆ ಬೆಲೆ ಬಂದಿತು. ಆದರೆ ಮಳೆ ಬಂದ ರಾತ್ರಿ ನಷ್ಟ ಯಜಮಾನನದು, ಕೈಯಲ್ಲಿ ಕಾಸಿಲ್ಲದವನಿಗೆ ಡೇರೆಯ ಹೊರಗೆ ಕೇಳುವ ಚೆಂಡೆಯ ಸದ್ದಷ್ಟೇ ಪಾಲು. ಕಾಲಕ್ರಮದಲ್ಲಿ ಡೇರೆಗಳು ಬಹುಮಟ್ಟಿಗೆ ಮರೆಯಾದವು. ಹರಕೆಯ ಬಯಲಾಟವು ಇಂದಿಗೂ ಉಳಿದಿದೆ.

ಅನಂತರ ಧ್ವನಿಸುರುಳಿಗಳು ಬಂದವು. ಒಮ್ಮೆ ಹಾಡಿದ ಪದವನ್ನು ಸಾವಿರ ಸಲ ಕೇಳುವಂತಾಯಿತು. ಹಾಡಿದವನಿಗೆ ಸಂದದ್ದು ಒಂದೇ ಸಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಗಾಯಕವಾದಕರ ಪ್ರದರ್ಶನಕ್ಕೆ ಪ್ರತ್ಯೇಕ ಹಕ್ಕಿರಲಿಲ್ಲ. 1994ರ ತಿದ್ದುಪಡಿಯೇ ಅದನ್ನು ಸೇರಿಸಿತು.

ಆದುದರಿಂದ ಸಂಗೀತವು ಪುಕ್ಕಟೆಯೇ ಎಂಬುದಕ್ಕಿಂತ, ಅದರ ಭಾರವನ್ನು ಹೊರುವವರಾರು ಎಂಬುದೇ ಸರಿಯಾದ ಪ್ರಶ್ನೆ. ಕೇಳುಗನಿಗೆ ಬಯಲು ತೆರೆದಿರಲಿ. ಆದರೆ ಆ ಔದಾರ್ಯದ ಬೆಲೆಯನ್ನು ಹಾಡುವವನ ಹಸಿವಿನಿಂದ ತೆರಿಸುವುದು ನ್ಯಾಯವಲ್ಲ. 1956ರಿಂದ ಕೇರಳಕ್ಕೆ ಸೇರಿರುವ ಈ ನೆಲದಲ್ಲಿ ಮಕ್ಕಳ ಕಿವಿಗೆ ಕನ್ನಡವನ್ನು ಸೊಗಸಾಗಿ ತಲಪಿಸುವ ಸಾಧನಗಳಲ್ಲಿ ಯಕ್ಷಗಾನವೂ ಒಂದು. ಶಾಲೆಗಳಲ್ಲಿ ಅದನ್ನು ಮಕ್ಕಳಿಗೆ ಪುಕ್ಕಟೆಯಾಗಿ ಕಲಿಸೋಣ. ಕಲಿಸುವ ಗುರುವಿನ ಸಂಭಾವನೆಯನ್ನು ಮಾತ್ರ ಊರವರೂ ನಾವೂ ಕೂಡಿ ಹೊರೋಣ.