ಬ್ರಿಟನ್ನಿನ ಅಚ್ಚುಮೆಚ್ಚಿನ ಹಕ್ಕಿಗಳು

ಬ್ರಿಟನ್ನಿನಲ್ಲಿ ಈವರೆಗೆ ದಾಖಲಾಗಿರುವ ಕಾಡುಹಕ್ಕಿಗಳ ಜಾತಿಗಳು ಆರುನೂರಕ್ಕೂ ಹೆಚ್ಚು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಋತುಮಾನಕ್ಕೆ ಬಂದುಹೋಗುವಂಥವು, ಇಲ್ಲವೇ ಗಾಳಿಗೆ ಸಿಕ್ಕಿ ದಾರಿತಪ್ಪಿ ಇಳಿದವು. ಅಂಥ ಅಪರೂಪದ ಹಕ್ಕಿಯೊಂದು ಕಂಡಿತೆಂಬ ಸುದ್ದಿ ಸಿಕ್ಕರೆ ರಾತ್ರೋರಾತ್ರಿ ಕಾರು ಹತ್ತಿ ಹೊರಡುವ ಹವ್ಯಾಸಿಗಳಿಗೆ ಅಲ್ಲಿ ಟ್ವಿಚರ್‌ಗಳೆಂದು ಹೆಸರು. ಜನಸಾಮಾನ್ಯರ ಅಕ್ಕರೆ ಮಾತ್ರ ಬೇರೆ ಬಗೆಯದು. ಹಿತ್ತಿಲಿಗೆ ದಿನವೂ ಬರುವ ಹಕ್ಕಿ, ಇಲ್ಲವೇ ಒಮ್ಮೆ ಕಳೆದುಹೋಗಿ ಮರಳಿ ಸಿಕ್ಕ ಹಕ್ಕಿ ಅವರಿಗೆ ಹೆಚ್ಚು ಪ್ರಿಯ. ರಾಷ್ಟ್ರಪಕ್ಷಿ ಯಾವುದಾಗಬೇಕೆಂದು ಪಕ್ಷಿವೀಕ್ಷಕ ಡೇವಿಡ್ ಲಿಂಡೊ 2015ರಲ್ಲಿ ನಡೆಸಿದ ಮತದಾನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. 34% ಮತ ಪಡೆದ ರಾಬಿನ್ ಗೆದ್ದಿತು. ಕಣಜಗೂಬೆ ಎರಡನೆಯದು, ಬ್ಲ್ಯಾಕ್‌ಬರ್ಡ್ ಮೂರನೆಯದು. ಸರ್ಕಾರದ ಮುದ್ರೆ ಈ ಆಯ್ಕೆಗೆ ಬೀಳಲಿಲ್ಲ, ಅದರ ಕೊರತೆ ಯಾರಿಗೂ ಕಂಡಂತೆಯೂ ಇಲ್ಲ.

ರಾಬಿನ್ ನಮ್ಮ ಮಡಿವಾಳ ಹಕ್ಕಿಯ ಕುಟುಂಬಕ್ಕೇ ಸೇರಿದ್ದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 14 ಸೆಂಟಿಮೀಟರ್ ಉದ್ದ, ಕಂದು ಬೆನ್ನು, ಮುಖದಿಂದ ಎದೆಯವರೆಗೆ ಕೆಂಗೇಸರಿ ಬಣ್ಣ. ಗಂಡು ಹೆಣ್ಣು ನೋಡಲು ಒಂದೇ ತೆರ. ಯುರೋಪಿನ ಒಳನಾಡುಗಳಲ್ಲಿ ಇದು ನಾಚಿಕೆಯ ಕಾಡುಹಕ್ಕಿ. ಬ್ರಿಟನ್ನಿನಲ್ಲಾದರೋ ತೋಟದಲ್ಲಿ ಯಾರಾದರೂ ನೆಲ ಅಗೆಯತೊಡಗಿದರೆ ಕಾಲ ಬುಡಕ್ಕೇ ಬಂದು ನಿಂತು, ಮಣ್ಣಿನಿಂದ ಮೇಲೆದ್ದ ಎರೆಹುಳುವನ್ನು ಎತ್ತಿಕೊಳ್ಳುತ್ತದೆ. ನೆಲ ಕೆದಕುವ ಕಾಡುಹಂದಿಗಳ ಹಿಂದೆ ತಿರುಗುತ್ತಿದ್ದ ಹಳೆಯ ಚಾಳಿ ಇದು ಎಂಬ ಊಹೆಯುಂಟು. ಚಳಿಗಾಲದಲ್ಲಿ ಬಹುತೇಕ ಹಕ್ಕಿಗಳು ಬಾಯಿ ಮುಚ್ಚಿದರೂ ರಾಬಿನ್ ಹಾಡುತ್ತಲೇ ಇರುತ್ತದೆ, ಬೀದಿದೀಪದ ಬೆಳಕಿದ್ದರೆ ರಾತ್ರಿಯಲ್ಲೂ. ಆ ತಿಂಗಳುಗಳಲ್ಲಿ ಹೆಣ್ಣು ಕೂಡ ತನ್ನದೇ ಜಾಗ ಹಿಡಿದು ಹಾಡುವುದು ವಿಶೇಷ.

ಕ್ರಿಸ್‌ಮಸ್ ಕಾರ್ಡುಗಳಲ್ಲಿ ಕಾಣುವ ಸಾಧುಮುಖಕ್ಕೂ ಈ ಹಕ್ಕಿಯ ಸ್ವಭಾವಕ್ಕೂ ಸಂಬಂಧವೇ ಇಲ್ಲ. ಡೆವನ್ನಿನ ಡಾರ್ಟಿಂಗ್ಟನ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದ ಡೇವಿಡ್ ಲ್ಯಾಕ್, ಒಳಗೆ ಹತ್ತಿ ತುಂಬಿದ ಸತ್ತ ರಾಬಿನ್‌ ಒಂದನ್ನು ಇನ್ನೊಂದರ ಗಡಿಯೊಳಗೆ ಇಟ್ಟು ನೋಡಿದರು. ಜಾಗದ ಒಡೆಯ ಮೊದಲು ಎದೆಯುಬ್ಬಿಸಿ ಹಾಡಿತು, ಆಮೇಲೆ ಮೇಲೆರಗಿ ಕುಕ್ಕಿತು. ತಲೆ, ರೆಕ್ಕೆ, ಕಾಲು ಯಾವುದೂ ಇಲ್ಲದ ಬರೀ ಕೆಂಪು ಪುಕ್ಕದ ಗೊಂಚಲನ್ನು ಕಂಡರೂ ಅದೇ ರೋಷ. ಎದೆಯಲ್ಲಿ ಇನ್ನೂ ಬಣ್ಣ ಮೂಡದ ಎಳೆಯ ರಾಬಿನ್ನಿನ ಬೊಂಬೆ ಅಷ್ಟು ಸಿಟ್ಟು ಬರಿಸಲಿಲ್ಲ. 1943ರಲ್ಲಿ ಬಂದ ಲ್ಯಾಕ್ ಅವರ ‘ದಿ ಲೈಫ್ ಆಫ್ ದಿ ರಾಬಿನ್’ ಈಗಲೂ ಓದಿಸಿಕೊಳ್ಳುವ ಪುಸ್ತಕ. ಕಾರ್ಡಿನ ಮೇಲೆ ಈ ಜಗಳಗಂಟ ಏರಿದ್ದಕ್ಕೆ ಕಾರಣ ಅಂಚೆಯವರು: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೆಂಪು ಕೋಟು ತೊಡುತ್ತಿದ್ದ ಅವರನ್ನು ಜನ ರಾಬಿನ್‌ಗಳೆಂದೇ ಕರೆಯುತ್ತಿದ್ದರು.

ಹಿತ್ತಿಲಿನ ಉಳಿದ ನೆಂಟರಲ್ಲಿ ನೀಲಿ ಟೋಪಿಯ ಬ್ಲೂ ಟಿಟ್ ಬುದ್ಧಿವಂತಿಕೆಗೆ ಹೆಸರಾದದ್ದು. ಮನೆಬಾಗಿಲಲ್ಲಿ ಇಟ್ಟುಹೋದ ಹಾಲಿನ ಬಾಟಲಿಯ ಮುಚ್ಚಳ ಸುಲಿದು ಕೆನೆ ಕುಡಿಯುವ ಟಿಟ್‌ಗಳ ಮೊದಲ ವರದಿ 1921ರಲ್ಲಿ ಸೌತಾಂಪ್ಟನ್ ಬಳಿಯ ಸ್ವೇತ್ಲಿಂಗ್‌ನಿಂದ ಬಂತು. ಮುಂದಿನ ದಶಕಗಳಲ್ಲಿ ಈ ವಿದ್ಯೆ ದೇಶದ ತುಂಬ ಹಬ್ಬಿತು. ಅತಿ ಹೆಚ್ಚು ಸಂಖ್ಯೆಯಲ್ಲಿ ಗೂಡುಕಟ್ಟುವ ಹಕ್ಕಿ ರೆನ್. ಹತ್ತು ಗ್ರಾಮಿನಷ್ಟೂ ತೂಗದ ಈ ಪುಟಾಣಿಯ ಕೂಗು ಪೊದೆಯನ್ನೇ ನಡುಗಿಸುತ್ತದೆ. ಕೊರೆಯುವ ಚಳಿಯಲ್ಲಿ ಒಂದೇ ಗೂಡುಪೆಟ್ಟಿಗೆಯೊಳಗೆ ಅರವತ್ತಕ್ಕೂ ಹೆಚ್ಚು ರೆನ್‌ಗಳು ಒತ್ತಿಕೊಂಡು ಮಲಗಿದ್ದ ದಾಖಲೆಯಿದೆ.

ಕಳೆದುಹೋಗಿ ಸಿಕ್ಕ ಹಕ್ಕಿಗಳಲ್ಲಿ ಮೊದಲ ಹೆಸರು ರೆಡ್ ಕೈಟ್ ಎಂಬ ಕೆಂಪು ಹದ್ದಿನದು. ಬೆಂಗಳೂರಿನ ಆಕಾಶದಲ್ಲಿ ಸುತ್ತುವ ಹದ್ದಿಗೆ ಇದು ಹತ್ತಿರದ ಬಳಗ; ಬಾಲದ ಕವಲು ಮಾತ್ರ ಇನ್ನೂ ಆಳ. ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ಇದು ಕಸ ಹೆಕ್ಕುತ್ತ, ಚಿಂದಿಬಟ್ಟೆ ಕದ್ದು ಗೂಡಿಗೆ ಹಾಸುತ್ತ ಬದುಕಿತ್ತು. ಆಮೇಲೆ ಕೋಳಿಕಳ್ಳನೆಂಬ ಹಣೆಪಟ್ಟಿ ಬಿದ್ದು, ಕೊಂದವರಿಗೆ ಬಹುಮಾನ ಸಿಗುವಂತಾಯಿತು. 19ನೇ ಶತಮಾನ ಮುಗಿಯುವಷ್ಟರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ನಿರ್ನಾಮವಾಗಿ, ನಡು ವೇಲ್ಸಿನ ಕಣಿವೆಗಳಲ್ಲಿ ಬೆರಳೆಣಿಕೆಯಷ್ಟು ಜೋಡಿಗಳು ಉಳಿದವು. 1989ರಲ್ಲಿ ಆರಂಭವಾದ ಯೋಜನೆಯಲ್ಲಿ ಸ್ಪೇನ್ ಮತ್ತು ಸ್ವೀಡನ್ನಿನ ಮರಿಗಳನ್ನು ತಂದು ಬಿಟ್ಟರು. ಈಗ ಸಾವಿರಾರು ಜೋಡಿಗಳಿವೆ. ಲಂಡನ್ನಿನಿಂದ ಆಕ್ಸ್‌ಫರ್ಡ್ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಚಿಲ್ಟರ್ನ್ ಬೆಟ್ಟಗಳ ಬಳಿ ಕತ್ತೆತ್ತಿದರೆ ಸಾಕು. ವೇಲ್ಸಿನ ರಯಾಡರ್ ಹತ್ತಿರದ ಗಿಗ್ರಿನ್ ಫಾರ್ಮಿನಲ್ಲಿ ಮಧ್ಯಾಹ್ನ ಮಾಂಸ ಎಸೆಯುವ ಹೊತ್ತಿಗೆ ನೂರಾರು ಒಮ್ಮೆಲೇ ಇಳಿಯುತ್ತವೆ. ಚಿಲ್ಟರ್ನ್ ಊರುಗಳಲ್ಲಿ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಕಸಿದುಕೊಂಡು ಹೋಗುತ್ತವೆ ಎಂಬ ದೂರೂ ಇದೆ, ಅಲ್ಲಿಗೆ ಹಳೆಯ ನಂಟು ಪೂರ್ತಿ ಮರಳಿದಂತೆಯೇ. ಅತ್ತ ಸ್ಪೇನಿನ ಕೆಲವು ಭಾಗಗಳಲ್ಲಿ ಈ ಹದ್ದು ಕುಗ್ಗಿದ್ದರಿಂದ 2022ರಲ್ಲಿ ಇಂಗ್ಲೆಂಡಿನ ಮರಿಗಳು ಎಕ್ಸ್‌ಟ್ರೆಮದೂರಾಕ್ಕೆ ಪಯಣಿಸಿದವು. ಸಾಲ ತೀರಿಸಿದ ಇಂಥ ಉದಾಹರಣೆ ಪಕ್ಷಿಸಂರಕ್ಷಣೆಯಲ್ಲಿ ವಿರಳ.

ಪಫಿನ್ ನೋಡಲು ದೋಣಿ ಹತ್ತಬೇಕು. ಬಣ್ಣದ ಕೊಕ್ಕಿನ ಈ ಕಡಲಹಕ್ಕಿ ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ ಮಾತ್ರ ನೆಲದ ಮೇಲಿದ್ದು, ಬಿಲದೊಳಗೆ ಒಂದೇ ಮೊಟ್ಟೆಯಿಡುತ್ತದೆ. ಉಳಿದ ಕಾಲವೆಲ್ಲ ನಡುಗಡಲಲ್ಲಿ. ಕೊಕ್ಕಿನ ಬಣ್ಣದ ಹೊರಪದರ ಚಳಿಗಾಲಕ್ಕೆ ಉದುರಿಹೋಗುತ್ತದೆ. ನಾರ್ತಂಬರ್‌ಲ್ಯಾಂಡಿನ ಫಾರ್ನ್ ದ್ವೀಪಗಳು ಮತ್ತು ವೇಲ್ಸಿನ ಸ್ಕೋಮರ್ ಹೆಸರಾಂತ ನೆಲೆಗಳು. ಸ್ಕೋಮರ್‌ನ ಈಚಿನ ಎಣಿಕೆಗಳಲ್ಲಿ 40,000ಕ್ಕೂ ಹೆಚ್ಚು ಪಫಿನ್‌ಗಳು ಸಿಕ್ಕಿವೆ. ಮರಿಗಳ ಹೊಟ್ಟೆ ತುಂಬುವುದು ಸ್ಯಾಂಡ್‌ಈಲ್ ಎಂಬ ಸಣ್ಣ ಮೀನಿನಿಂದ. ಉತ್ತರ ಸಮುದ್ರದ ಇಂಗ್ಲಿಷ್ ಭಾಗದಲ್ಲೂ ಸ್ಕಾಟ್ಲೆಂಡಿನ ಕಡಲಲ್ಲೂ ಈ ಮೀನು ಹಿಡಿಯುವುದನ್ನು 2024ರಲ್ಲಿ ನಿಷೇಧಿಸಲಾಯಿತು.

ಚಳಿಗಾಲದ ಸಂಜೆಗಳಲ್ಲಿ ಸಾಮರ್ಸೆಟ್ ಜೌಗುಗಳ ಮೇಲೂ ಬ್ರೈಟನ್ ಕಡಲಕಟ್ಟೆಯ ಬಳಿಯೂ ಸ್ಟಾರ್ಲಿಂಗ್‌ಗಳು ಸಾವಿರಗಟ್ಟಲೆ ಸೇರಿ ಹೊಗೆಯಂತೆ ಆಡುತ್ತವೆ. ಗೊರವಂಕದ ಕುಟುಂಬದ ಈ ಹಕ್ಕಿ ಅಲ್ಲಿ ವೇಗವಾಗಿ ಕಡಿಮೆಯಾಗುತ್ತಿದೆ. ಮಿಂಚುಳ್ಳಿ ಬ್ರಿಟನ್ನಿನಲ್ಲಿರುವುದು ಒಂದೇ ಜಾತಿ, ಕರ್ನಾಟಕದ ಕೆರೆಗಳಲ್ಲಿ ಕಾಣುವ ಚಿಕ್ಕ ನೀಲಿ ಮಿಂಚುಳ್ಳಿಯೇ ಅದು. ನೀರು ಹೆಪ್ಪುಗಟ್ಟಿದ ವರ್ಷಗಳಲ್ಲಿ ಉಪವಾಸ ಬಿದ್ದು ಸಾಯುತ್ತದೆ.

ಈ ಒಲವಿಗೆ ಸಂಸ್ಥೆಯ ಬೆನ್ನೆಲುಬೂ ಇದೆ. ಟೋಪಿಯ ಅಲಂಕಾರಕ್ಕೆ ಹಕ್ಕಿಗಳನ್ನು ಕೊಲ್ಲುವುದನ್ನು ವಿರೋಧಿಸಿ 1889ರಲ್ಲಿ ಎಮಿಲಿ ವಿಲಿಯಮ್ಸನ್ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಕಟ್ಟಿದ ಮಹಿಳೆಯರ ಗುಂಪೇ ಇಂದಿನ ಆರ್‌ಎಸ್‌ಪಿಬಿ ಎಂಬ ಪಕ್ಷಿಸಂರಕ್ಷಣಾ ಸಂಸ್ಥೆಯ ಬೇರು. ಇದು 1979ರಿಂದ ಪ್ರತಿ ಜನವರಿಯಲ್ಲಿ ನಡೆಸುವ ಗಣತಿಯಲ್ಲಿ ಜನ ಒಂದು ಗಂಟೆ ಕಿಟಕಿಯ ಬಳಿ ಕೂತು ಹಕ್ಕಿ ಎಣಿಸುತ್ತಾರೆ. ವರ್ಷಗಳಿಂದ ಪಟ್ಟಿಯ ತುದಿಯಲ್ಲಿರುವುದು ಗುಬ್ಬಚ್ಚಿ. ನೋಡುವುದಕ್ಕೆ ಕಟ್ಟುಪಾಡೂ ಉಂಟು: 1981ರ ವನ್ಯಜೀವಿ ಕಾಯಿದೆಯಂತೆ ಕಣಜಗೂಬೆ, ಮಿಂಚುಳ್ಳಿ, ರೆಡ್ ಕೈಟ್‌ಗಳು ಗೂಡಿನಲ್ಲಿರುವಾಗ ಬೇಕೆಂದೇ ತೊಂದರೆ ಕೊಡುವುದು ಅಪರಾಧ. ಗೂಡಿನ ಬಳಿ ನಿಂತು ಫೋಟೊ ತೆಗೆಯಬೇಕೆಂದರೂ ಪರವಾನಗಿ ಪಡೆಯಬೇಕು.