ಪ್ಲೇಗಿಗಿಂತ ಹಳೆಯ ಮಲ್ಲೇಶ್ವರ

ಮಲ್ಲೇಶ್ವರ ಯಾವಾಗ ಹುಟ್ಟಿತು ಎಂದರೆ ಇಲ್ಲಿನ ಹಿರಿಯರು ಪ್ಲೇಗಿನಿಂದ ಲೆಕ್ಕ ಹಿಡಿಯುತ್ತಾರೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಮನೆಗಳನ್ನು ಬಿಟ್ಟು ಜನ ಬಯಲಿಗೆ ಬಂದು ಗುಡಿಸಲು ಹಾಕಿಕೊಂಡರು. ಆಗ ಶೇಷಾದ್ರಿ ಅಯ್ಯರ್ ದಿವಾನರು. ಗಾಳಿ ಬೆಳಕು ಚೆನ್ನಾಗಿ ಆಡುವ ಎರಡು ಬಡಾವಣೆಗಳು ಎದ್ದವು: ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ನಮ್ಮ ಮಲ್ಲೇಶ್ವರ. ಬಡಾವಣೆಯ ಯೋಚನೆ ಮೊದಲೇ ಇತ್ತು. ಪ್ಲೇಗು ಅದನ್ನು ಅವಸರಕ್ಕೆ ತಂದಿತು, ಅಷ್ಟೆ.

ನೆಟ್ಟಗೆ ಎಳೆದ ಮೇನ್ ರಸ್ತೆಗಳು, ಅವನ್ನು ಅಡ್ಡ ಹಾಯುವ ಕ್ರಾಸುಗಳು, ಮನೆ ಮುಂದೆ ಕೈತೋಟಕ್ಕೆ ಜಾಗ, ಹಿತ್ತಲ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿ. ಈ ಗಲ್ಲಿಗಳ ಅಂದವನ್ನು ಈಗ ಹೊಗಳುತ್ತಾರೆ, ಕೆಲವಕ್ಕೆ ಚಿತ್ರ ಬರೆಸಿದ್ದಾರೆ. ಮಲ ಹೊರುವವರು ಮುಂಬಾಗಿಲಿನ ಕಡೆ ಕಾಣಬಾರದು ಎಂದು ಮಾಡಿದ ದಾರಿಗಳು ಅವು. ನಿವೇಶನಗಳನ್ನೂ ಜಾತಿ ನೋಡಿಯೇ ಹಂಚಿದ್ದರು. ಸಂಪಿಗೆ ರಸ್ತೆಯ ಪರಿಮಳ ಹೇಳುವಾಗ ಇದನ್ನೂ ಹೇಳದಿದ್ದರೆ ಊರ ಕಥೆ ಅರ್ಧವಾಗುತ್ತದೆ.

ಅಂಕಿ ಅಂಶ ಬೇಕೆನ್ನುವವರಿಗೆ: ಪಿನ್ 560003, ವಿಧಾನಸಭಾ ಕ್ಷೇತ್ರದ ಸಂಖ್ಯೆ 157, ಸ್ಯಾಂಕಿ ಕೆರೆ ಕಟ್ಟಿದ್ದು 1882ರಲ್ಲಿ, ಮೆಟ್ರೋ ಬಂದದ್ದು 2014ರಲ್ಲಿ. ಮಿಕ್ಕದ್ದು ಗೆಜೆಟಿಯರಿನಲ್ಲಿದೆ.

ನನಗೆ ಹೇಳಬೇಕಿರುವುದು ಕಾಡು ಮಲ್ಲೇಶ್ವರನ ಗುಡಿಯ ಮಾತು. ಶಿವಾಜಿಯ ಮಲಸಹೋದರ ಏಕೋಜಿ, ಅಂದರೆ ವೆಂಕೋಜಿ, ಈ ಗುಡಿ ಕಟ್ಟಿಸಿದ ಎಂದು ಬಹಳ ಕಡೆ ಓದುತ್ತೀರಿ. ಆ ಮಾತಿಗೆಲ್ಲ ಆಧಾರ ಇಲ್ಲಿನ ಬಂಡೆಯ ಮೇಲಿನ 1669ರ ಶಾಸನ. ರೈಸ್ ಸಾಹೇಬರ ಶಾಸನ ಸಂಪುಟ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅದು ಅಚ್ಚಾಗಿದೆ. ಆದರೆ ಕಲ್ಲು ಹೇಳುವುದು ಗುಡಿ ಕಟ್ಟಿದ ಸಂಗತಿಯನ್ನಲ್ಲ. ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಏಕೋಜಿ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ಉಂಬಳಿ ಪಡೆಯುವುದಕ್ಕೆ ದೇವರು ಮೊದಲು ಇರಬೇಕಲ್ಲ? ಊರೂ ಇತ್ತು, ಅದಕ್ಕೆ ಮಲ್ಲಾಪುರ ಎಂಬ ಹೆಸರೂ ಇತ್ತು. ಏಕೋಜಿ ಜೀರ್ಣೋದ್ಧಾರ ಮಾಡಿಸಿರಬಹುದು, ಬೇಡವೆನ್ನುವುದಿಲ್ಲ. ಆದರೆ ಗುಡಿಯ ಹುಟ್ಟನ್ನೇ ಅವನ ಲೆಕ್ಕಕ್ಕೆ ಬರೆಯುವುದು ಶಾಸನ ಓದದವರ ಮಾತು.

1638ರಲ್ಲಿ ಬಿಜಾಪುರದವರು ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಕಿತ್ತುಕೊಂಡು ಶಹಾಜಿಗೆ ಜಹಗೀರಿ ಕೊಟ್ಟಿದ್ದರು. ಅವನ ಮಗ ಏಕೋಜಿ ಮುಂದೆ ತಂಜಾವೂರಿನಲ್ಲಿ ರಾಜ್ಯ ಕಟ್ಟಿಕೊಂಡ. ದೂರದ ಬೆಂಗಳೂರು ಭಾರವೆನಿಸಿ ಮಾರಲು ಹೊರಟ. 1687ರಲ್ಲಿ ಮೂರು ಲಕ್ಷಕ್ಕೆ ಊರು ಚಿಕ್ಕದೇವರಾಜ ಒಡೆಯರ ಪಾಲಾಯಿತು. ಆಳುವವರು ಹೀಗೆ ಬದಲಾಗುತ್ತಿದ್ದರೂ ಮಲ್ಲಾಪುರ ಮಾತ್ರ ಬಡಾವಣೆ ಬರುವವರೆಗೂ ಹಳ್ಳಿಯಾಗಿಯೇ ಉಳಿಯಿತು.

ಉಂಬಳಿಯಾಗಿ ಬಂದ ಮೇದರನಿಂಗನಹಳ್ಳಿ ಎಲ್ಲಿ ಹೋಯಿತು? ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಕಡೆಗೆ ಶಾಸನಾಸಕ್ತರು ಕೈ ತೋರಿಸುತ್ತಾರೆ. ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆ 1909ರಲ್ಲಿ ಶುರುವಾಯಿತು. ಅದಕ್ಕೆ 371 ಎಕರೆ ಕೊಟ್ಟವರು ಮೈಸೂರು ಅರಸರು. ಒಂದು ಕಾಲಕ್ಕೆ ದೇವರ ನೈವೇದ್ಯಕ್ಕೆ ಬಿಟ್ಟ ನೆಲ ಇನ್ನೊಂದು ಕಾಲಕ್ಕೆ ವಿದ್ಯೆಗೆ ಹೋದದ್ದು ನನಗೆ ಬೇಸರದ ಸಂಗತಿಯಲ್ಲ. ಹಳ್ಳಿಯ ಹೆಸರು ಒಂದು ಬಸ್ ಸ್ಟಾಪಿಗೂ ದಕ್ಕಲಿಲ್ಲವಲ್ಲ ಎಂಬುದೇ ಸಂಕಟ.

ಗುಡಿಯ ಎದುರಿಗಿನ ನಂದಿತೀರ್ಥದ ಕಥೆ ಬೇರೆ. ಬಹುಕಾಲ ಮಣ್ಣಿನಡಿ ಇದ್ದ ಕಲ್ಯಾಣಿ ಅದು. 1990ರ ದಶಕದ ಕೊನೆಗೆ ಆ ಜಾಗ ಕಟ್ಟಡಕ್ಕೆ ಹೋಗುವುದರಲ್ಲಿತ್ತು. ಸ್ಥಳೀಯರು ತಡೆದು ಅಗೆಸಿದಾಗ ನಂದಿ, ಅದರ ಬಾಯಿಂದ ಲಿಂಗದ ಮೇಲೆ ಬೀಳುವ ನೀರು, ಮೆಟ್ಟಿಲುಗಳು ಎಲ್ಲ ಕಂಡವು. ಇದಕ್ಕೆ ಏಳು ಸಾವಿರ ವರ್ಷ ಎಂದು ಹೇಳಿ ಹೊರಗಿನವರನ್ನು ಬೆರಗುಗೊಳಿಸುವವರಿದ್ದಾರೆ. ಅಷ್ಟು ಎಳೆಯಬೇಕಾದ ಅಗತ್ಯ ನಂದಿಗಿಲ್ಲ. ವೃಷಭಾವತಿ ನದಿ ಹುಟ್ಟುವುದು ಈ ನಂದಿಯ ಬಾಯಲ್ಲೋ ಬಸವನಗುಡಿಯ ದೊಡ್ಡ ಬಸವನ ಪಾದದಲ್ಲೋ ಎಂಬ ಜಗಳವೂ ಉಂಟು. ಮಲ್ಲೇಶ್ವರದವನಾಗಿ ನನ್ನ ತೀರ್ಪು ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ.

ರಾಜಾ ಮಿಲ್ ಇದ್ದ ಕಡೆ ಈಗ ಮಾಲ್ ಇದೆ. ವಠಾರಗಳು, ಹೆಂಚಿನ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಮನೆ ಒಡೆಯುವ ದಿನ ಮೊದಲು ಗುಜರಿಗೆ ಹೋಗುವುದು ಅಟ್ಟದ ಮೇಲಿನ ಟ್ರಂಕು. ನಿಮ್ಮ ಮನೆಯ ಹಳೆಯ ಕ್ರಯಪತ್ರದಲ್ಲೋ ಕಂದಾಯದ ರಸೀದಿಯಲ್ಲೋ ಮಲ್ಲಾಪುರ, ಮೇದರನಿಂಗನಹಳ್ಳಿ ಎಂಬ ಹೆಸರು ಕಂಡರೆ ದಯವಿಟ್ಟು ಎಸೆಯಬೇಡಿ. ಒಂದು ಜೆರಾಕ್ಸ್ ತೆಗೆದು ಹತ್ತಿರದ ಗ್ರಂಥಾಲಯಕ್ಕೆ ಕೊಡಿ.