ಕನ್ನಡಿ ಕಳಚಿದ ಕ್ಯಾಮೆರಾ

ಡಿಎಸ್ಎಲ್ಆರ್ ಕ್ಯಾಮೆರಾದೊಳಗೆ, ಸೆನ್ಸರ್ ಮುಂದೆ, 45 ಡಿಗ್ರಿ ಓರೆಯಾಗಿ ಪುಟ್ಟ ಕನ್ನಡಿಯೊಂದು ನಿಂತಿರುತ್ತದೆ. ಲೆನ್ಸ್‌ನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ಮುಟ್ಟಿಸುತ್ತದೆ. ಬಟನ್ ಒತ್ತಿದೊಡನೆ ಕನ್ನಡಿ ‘ಟಕ್’ ಎಂದು ಮೇಲೇಳುತ್ತದೆ. ಆ ಕ್ಷಣ ವ್ಯೂಫೈಂಡರ್ ಕತ್ತಲು.

ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತದೆ, ಅದು ಕಂಡದ್ದನ್ನು ಪುಟ್ಟ ಪರದೆ ತೋರಿಸುತ್ತದೆ. ಕನ್ನಡಿಗೆ ಜಾಗ ಬೇಡವಾದ್ದರಿಂದ ನಿಕಾನ್ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಉಂಗುರಕ್ಕೂ ಸೆನ್ಸರ್‌ಗೂ ನಡುವಿನ ಅಂತರ 46.5 ಮಿ.ಮೀ.ನಿಂದ 16 ಮಿ.ಮೀ.ಗೆ ಇಳಿಯಿತು.

2008ರಲ್ಲಿ ಪ್ಯಾನಸೋನಿಕ್ ಜಿ1 ಈ ದಾರಿ ತೆರೆಯಿತು. 2013ರಲ್ಲಿ ಸೋನಿ ಎ7 ಫುಲ್‌ಫ್ರೇಮ್, ಅಂದರೆ ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ, ಸೆನ್ಸರ್‌ನೊಂದಿಗೆ ಬಂತು. 2018ರಲ್ಲಿ ನಿಕಾನ್, ಕ್ಯಾನನ್ ಕಂಪನಿಗಳೂ ಫುಲ್‌ಫ್ರೇಮ್ ಮಿರರ್‌ಲೆಸ್‌ಗೆ ಇಳಿದವು. 2020ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳ ರವಾನೆ ಡಿಎಸ್ಎಲ್ಆರ್‌ಗಳದ್ದನ್ನು ಮೀರಿತು.

ಆದರೂ ಹಳೆಯದು ಸಂಪೂರ್ಣ ಮೂಲೆ ಸೇರಿಲ್ಲ. ಪರದೆ ಸದಾ ಉರಿಯುವುದರಿಂದ ಮಿರರ್‌ಲೆಸ್‌ನ ಬ್ಯಾಟರಿ ಬೇಗ ಬರಿದಾಗುತ್ತದೆ. ಕಂಪನಿಯ ಲೆಕ್ಕದಂತೆ ಒಂದು ಚಾರ್ಜಿಗೆ ನಿಕಾನ್‌ನ ಡಿಎಸ್ಎಲ್ಆರ್ ಡಿ850 ಸುಮಾರು 1,840 ಚಿತ್ರ ತೆಗೆದರೆ, ಅದರದೇ ಮಿರರ್‌ಲೆಸ್ ಆದ ಮೊದಲ ಝಡ್7 ತೆಗೆಯುವುದು ಸುಮಾರು 330. ಪೆಂಟಾಕ್ಸ್ ಅಂತೂ ಕನ್ನಡಿಯನ್ನು ಬಿಟ್ಟುಕೊಡದೆ, 2023ರಲ್ಲಿ ಕಪ್ಪು-ಬಿಳುಪು ಚಿತ್ರಗಳಿಗೆಂದೇ ಹೊಸ ಡಿಎಸ್ಎಲ್ಆರ್ ಒಂದನ್ನು ಮಾರುಕಟ್ಟೆಗೆ ತಂದಿತು.